ಮಕ್ಕಳನ್ನ ಕಟ್ಕೊಂಡು ಹಾಯಿ ಬೋಟಿನ್ಯಾಗ ಎರಡು ವರ್ಷ ಸಂಸಾರ, ಆಗೋ ಮಾತೇನ್ರಿ?

ಗಂಗಾವತಿ ಸೊಸಿ:
ನಮಸ್ಕಾರ್ರೀ ಎಲ್ಲಾರಿಗೂ. ನಮ್ಮನೆಯವರು ಮರ್ಚೆಂಟ್ ನೇವಿಯೊಳಗ ಎಂಜಿನಿಯರ್ ಅದಾರ, ವರ್ಷದಾಗ ಅರ್ಧ ಹಡಗಿನ್ಯಾಗ, ಉಳಿದದ್ದು ಗಂಗಾವತಿಯಾಗ. ಮಗಳಿಗೆ 9, ಮಗಗ 5. ಹೋದ ರಜಾಕ್ಕ ಬಂದಾಗಿಂದ ಒಂದೇ ಹಠ ಹಿಡಿದಾರ, ಗ್ರೀಸ್ ಕಡೆ ಒಂದು ಹಳೇ 40 ಫೂಟಿನ ಹಾಯಿ ಬೋಟು ತಗೊಂಡು ನಾಲ್ಕೂ ಮಂದಿ ಎರಡು ವರ್ಷ ಅದರಾಗ ಇರೋಣು, ಮೆಡಿಟರೇನಿಯನ್ ನೋಡಿ ಅಟ್ಲಾಂಟಿಕ್ ದಾಟಿ ಕೆರಿಬಿಯನ್‌ಗೆ ಹೋಗೋಣು ಅಂತ. ಮಕ್ಕಳ ಮುಖ ನೋಡದಂಗ ದುಡಿಯಾಕತ್ತೀನಿ, ಇನ್ನೊಂದು ಐದು ವರ್ಷ ಆದ್ರ ಅವರಿಗೇ ನಾ ಬ್ಯಾಡ ಆಗ್ತೀನಿ ಅಂತಾರ. ಆ ಮಾತಿಗೆ ನನ್ನ ಹತ್ರ ಉತ್ತರ ಇಲ್ರಿ. ಅತ್ತಿ ಮಾವ ಅಂತೂ ಮಾತೇ ಬಿಟ್ಟಾರ. ನನಗ ಈಜು ಬರ್ತೈತಿ, ಎಡದಂಡಿ ಕಾಲುವಿಯಾಗ ಕಲ್ತದ್ದು, ಸಮುದ್ರ ಮಾತ್ರ ಗೋವಾದಾಗ ದಂಡಿ ಮ್ಯಾಲೆ ನಿಂತು ನೋಡಿದ್ದಷ್ಟ. ಯೂಟ್ಯೂಬ್‌ನ್ಯಾಗ ಬರೇ ನೀಲಿ ನೀರು ಡಾಲ್ಫಿನ್ ತೋರಿಸ್ತಾರ, ಬಟ್ಟಿ ಎಲ್ಲಿ ಒಗಿತಾರ, ಕುಡಿಯೋ ನೀರು ಎಲ್ಲಿಂದ, ಹುಡುಗರಿಗೆ ಜ್ವರ ಬಂದ್ರ ಏನು, ಒಬ್ಬರೂ ಹೇಳಂಗಿಲ್ಲ. ಇಲ್ಲಿ ಯಾರಾದ್ರೂ ಇದ್ದು ಬಂದವರು ಇದ್ರ ಖರೇ ಖರೇ ಹೇಳ್ರಿ.

ಬಳ್ಳಾರಿ ಬಿಸ್ಲು:
ಅಕ್ಕ ನಮ್ ಬಳ್ಳಾರಿಯಾಗೆ ನಲ್ಲಿ ನೀರು ಬಂದ್ರೇನೇ ಓಣಿಗೆಲ್ಲ ಹಬ್ಬ, ನೀವು ನೋಡಿದ್ರೆ ನೀರಿನ ಮ್ಯಾಲೇ ಮನೆ ಮಾಡ್ತೀವಿ ಅಂತೀರಿ. ಭಾವನ್ನ ಒಂದ್ಸಲ ಟಿಬಿ (ತುಂಗಭದ್ರಾ) ಡ್ಯಾಮ್ ಬ್ಯಾಕ್‌ವಾಟರ್‌ಗೆ ಕರ್ಕಂಡೋಗಿ ಗಾಳಿ ತೋರ್ಸಿ, ಅಲ್ಲೇ ಸಾಕಾಗ್ತೈತೆ.

ಸಿಂಧನೂರ ಮಾಸ್ತರ್:
ನಗೋ ಮಾತಲ್ಲಪ ಇದು. ತಂಗೀ, ಮಗಳು ನಾಲ್ಕನೇತ್ತ ಇರಬೇಕಲ? ಸಾಲಿ ಬಿಡಿಸಿ ಎರಡು ವರ್ಷ ಸಮುದ್ರದಾಗ ತಿರುಗಿಸಿದ್ರ ವಾಪಸ್ ಬಂದ ಮ್ಯಾಲೆ ಯಾವ ತರಗತ್ಯಾಗ ಕುಂದ್ರಸ್ತೀರಿ? ಗಣಿತ ಒಮ್ಮಿ ಕೈ ತಪ್ಪಿತು ಅಂದ್ರ ಹಿಡಿಯೋದು ಭಾಳ ಕಷ್ಟ.

ರಾಯಚೂರ್ ಹಾಯಿ:
ಅಕ್ಕಾರ, ನಾವು ಗಂಡ ಹೆಂಡ್ತಿ ಮಗಳು ಟರ್ಕಿಯಿಂದ ಗ್ರೆನಾಡಾ ತನಕ ಬೋಟಿನ್ಯಾಗೇ ಇದ್ದು ಬಂದವರು, ಈಗ ರಾಯಚೂರಾಗ ಇದ್ದೀವಿ. 38 ಫೂಟು, ತೊಂಬತ್ತರ ದಶಕದ ಬೋಟು, ಒಂದೇ ಒಡಲಿಂದು. ನೀವು ಕೇಳಿದ್ದು ಸರಿಯಾದ ಪ್ರಶ್ನಿ ಅದ, ಯಾಕಂದ್ರ ಈ ಜೀವನದಾಗ ಹಾಯಿ ಹಾಕಿ ಓಡೋದು ಕಡಿಮಿ, ಆಂಕರ್ (ಲಂಗರು) ಹಾಕ್ಕೊಂಡು ಕುಂತು ಮನಿ ನಡಿಸೋದೇ ಜಾಸ್ತಿ. ಮುಂಜಾನೆ ಎದ್ದ ಕೂಡ್ಲೆ ಬ್ಯಾಟರಿ ಎಷ್ಟದ, ತಳದಾಗ ನೀರು ಜಿನುಗ್ಯದ ಏನು, ಇವತ್ತು ಗಾಳಿ ಯಾವ ಕಡಿಯಿಂದ, ಇವು ಮೂರು ನೋಡಿದ ಮ್ಯಾಲೇ ಚಹಾ.

ನೀರಿನ ಮಾತು. ನಮ್ಮ ಟ್ಯಾಂಕು 350 ಲೀಟರ್‌ದು. ಪಾತ್ರಿ ಸಮುದ್ರದ ನೀರಿನ್ಯಾಗೇ ತಿಕ್ಕಿ ತೊಳಿಯೋದು, ಕಡೀಕೆ ಗಿಡಕ್ಕ ನೀರು ಹೊಡಿತಾರಲ್ಲ ಅಂಥ ಸ್ಪ್ರೇ ಬಾಟಲಿಲೇ ಸಿಹಿನೀರು ಒಂದೆರಡು ಸಲ ಹೊಡದ್ರ ಆತು. ಜಳಕಾನೂ ಹಂಗೇ, ಸಮುದ್ರದಾಗ ಮುಳುಗಿ ಸೋಪ್ ಹಚ್ಚಿ ಮತ್ತ ಮುಳುಗಿ, ಕಡೀಗೆ ಒಂದು ತಂಬಿಗಿ ಸಿಹಿನೀರು. ಬಟ್ಟಿ ಊರು ಸಿಕ್ಕಲ್ಲಿ ಲಾಂಡ್ರಿಗೆ, ಇಲ್ಲಂದ್ರ ಬಕೆಟ್. ಸಮುದ್ರದ ನೀರನ್ನ ಸಿಹಿ ಮಾಡೋ ವಾಟರ್‌ಮೇಕರ್ ಅಂತ ಬರ್ತದ, ನಮ್ಮ ಓಣ್ಯಾಗ ಕ್ಯಾನ್ ತುಂಬಸ್ಕೊಂಡು ಬರ್ತೀವಲ್ಲ ಅದೇ ಆರ್‌ಒ, ಆದ್ರ ಸಮುದ್ರದ ನೀರು ಜಾಲರಿ ದಾಟಬೇಕಂದ್ರ 55-60 ಬಾರ್, ಅಂದ್ರ ನಮ್ಮ ಸುತ್ತಿನ ಗಾಳಿ ಒತ್ತಡದ 55-60 ಪಟ್ಟು ಬೇಕು, ಹಂಗಾಗಿ ಕರೆಂಟು ಕುಡಿತದ, ದುಬಾರಿ, ಬಂದರಿನ ಹೊಲಸು ನೀರಾಗ ಹಚ್ಚಂಗಿಲ್ಲ. ಕರೆಂಟು ಅಂದ್ರ 12 ವೋಲ್ಟು, ಸೋಲಾರ್ ಪ್ಯಾನಲ್ಲು, ಅದರಾಗ ದೊಡ್ಡ ಪಾಲು ಫ್ರಿಜ್ಜಿಗೇ. ಮೋಡ ಎರಡು ದಿನ ಮುಚ್ಚಿತು ಅಂದ್ರ ಫ್ರಿಜ್ ಬಂದ್. ಈ ವಿಷಯದಾಗ ನಮ್ಮ ಕಡಿಯವರು ಯುರೋಪಿನವರಿಗಿಂತ ಲಗೂ ಪಾಸ್ ಆಗ್ತೀವಿ ನೋಡ್ರಿ, ನೀರು ಬಂದಾಗ ತುಂಬಿಡೋದು, ಕರೆಂಟ್ ಇದ್ದಾಗ ಕೆಲಸ ಮುಗಿಸೋದು ನಮಗ ಯಾರೂ ಕಲಿಸಬೇಕಾಗಿಲ್ಲ.

ವೇಗ ಕೇಳಿದ್ರ ನಗು ಬರ್ತದ. ಐದಾರು ನಾಟ್, ಅಂದ್ರ ತಾಸಿಗೆ 9ರಿಂದ 11 ಕಿಲೋಮೀಟರ್. ಹಗಲು ರಾತ್ರಿ ನಿಲ್ಲದಂಗ ಓಡಿದ್ರ 24 ತಾಸಿನ್ಯಾಗ 220-270 ಕಿಲೋಮೀಟರ್, ಬಳ್ಳಾರಿಯಿಂದ ಹೊಂಟ್ರ ಬೆಂಗಳೂರೂ ಮುಟ್ಟಂಗಿಲ್ಲ. ಕೆನರಿ ದ್ವೀಪದಿಂದ ಕೆರಿಬಿಯನ್‌ಗೆ ಸುಮಾರು 2700 ನಾಟಿಕಲ್ ಮೈಲು, ಅಂದ್ರ 5000 ಕಿಲೋಮೀಟರ್, ಮೂರು ವಾರದ ಆಸುಪಾಸು ನೆಲ ಕಾಣಂಗಿಲ್ಲ. ಜೂನ್‌ನಿಂದ ನವೆಂಬರ್ ತನಕ ಆ ಕಡಿ ಹರಿಕೇನ್ ಕಾಲ, ಅದು ಮುಗಿದ ಮ್ಯಾಲೆ ಡಿಸೆಂಬರ್ ಹೊತ್ತಿಗೆ ಹಿಂದಿನಿಂದ ವ್ಯಾಪಾರಿ ಮಾರುತ ಹಿಡ್ಕೊಂಡು ದಾಟೋದು.

ಮಾಸ್ತರ ಪ್ರಶ್ನಿಗೆ ನಮ್ಮನಿಯಾಕಿ ಬರೀತಾಳಂತ.

ಬಳ್ಳಾರಿ ಬಿಸ್ಲು:
ಅಣ್ಣ ಸಮುದ್ರಗಳ್ಳರು? ಸೊಮಾಲಿಯಾ ಅದು ಇದು ಅಂತಾರಲ್ಲ.

ರಾಯಚೂರ್ ಹಾಯಿ:
ಅದು ಏಡನ್ ಕೊಲ್ಲಿ, ಕೆಂಪು ಸಮುದ್ರದ ಕಡಿ ತಮ್ಮಾ. 2023ರ ನವೆಂಬರ್‌ನಿಂದ ಯೆಮೆನ್‌ನ ಹೂತಿ ಬಂಡುಕೋರರು ಹಡಗುಗಳ ಮ್ಯಾಲೆ ದಾಳಿ ಶುರು ಮಾಡಿದ ಮ್ಯಾಲಂತೂ ಹಾಯಿ ಬೋಟಿನವರು ಆ ದಾರಿಗೆ ಹೆದರ್ತಾರ, ಥೈಲ್ಯಾಂಡಿನಿಂದ ಯುರೋಪಿಗೆ ಹೋಗೋರು ಬೋಟನ್ನೇ ದೊಡ್ಡ ಹಡಗಿನ ಮ್ಯಾಲೆ ಹೇರಿ ಕಳಸ್ತಾರ, ಇಲ್ಲಾ ಆಫ್ರಿಕಾ ಸುತ್ತಿ ಹೋಗ್ತಾರ. ಅಕ್ಕಾರ ಹೇಳಿದ ದಾರಿ ಆ ಕಡಿ ಬರಂಗೇ ಇಲ್ಲ. ಆದ್ರ ಇದರ ಅರ್ಥ ಏನಂದ್ರ ಗ್ರೀಸಿನ್ಯಾಗ ತಗೊಂಡ ಬೋಟನ್ನ ಮುಂದ ಊರ ಕಡಿ ತರ್ತೀವಿ ಅನ್ನೋ ಆಸಿ ಇದ್ರ ಬಿಡ್ರಿ, ಅಲ್ಲೇ ಮಾರಿ ವಿಮಾನ ಹತ್ತೋದು.

ಮುನಿರಾಬಾದ್ ಹರಿಗೋಲು:
ನಮ್ಮ ಮನಿತನ ಹರಿಗೋಲಿಂದು, ಈಗ ನಾನು ಬ್ಯಾಕ್‌ವಾಟರ್‌ನ್ಯಾಗ ಮೀನಾ ಹಿಡಿತೀನಿ. ಆನೆಗೊಂದಿ ತಳವಾರಘಟ್ಟದಾಗ ಬುಟ್ಟಿಯಂಗ ದುಂಡನೆ ದೋಣಿ ಅದಾವ ಅಂತ 1520ರ ಸುಮಾರಿಗೆ ಬಂದ ಪೋರ್ಚುಗೀಸರವ ಡೊಮಿಂಗೊ ಪಾಯೆಸ್ ಬರದಾನಂತ, ಇವತ್ತಿಗೂ ಹಂಗೇ ಅದಾವ, ಚರ್ಮದ ಬದಲಿ ಪ್ಲಾಸ್ಟಿಕ್ ಚೀಲ, ಡಾಂಬರು ಬಂದೈತಿ ಅಷ್ಟ. ನನ್ನದೊಂದು ಡೌಟು. ಆಷಾಢದ ಗಾಳಿಗೆ ಬ್ಯಾಕ್‌ವಾಟರ್‌ನ್ಯಾಗ ಒಂದು ತಾಡಪತ್ರಿ ಬಿಚ್ಚಿದ್ರ ಹರಿಗೋಲು ಬುಗುರಿಯಂಗ ತಿರುಗಿ ಎಲ್ಲಿಗೋ ಹೋಗಿ ಬೀಳ್ತೈತಿ. ಇವರು ಮೂರು ಅಂತಸ್ತಿನ ಮನಿಯಷ್ಟು ಎತ್ತರ ಬಟ್ಟಿ ಕಟ್ಟಿ ಗಾಳಿಗೆ ಎದಿ ಕೊಡ್ತಾರಲ್ಲ, ಮಗುಚಂಗಿಲ್ಲೇನು?

ರಾಯಚೂರ್ ಹಾಯಿ:
ಕೇಳೋದು ಇಂಥ ಪ್ರಶ್ನಿ ಕೇಳಬೇಕು. ಹರಿಗೋಲಿನ ತಳ ಚಪ್ಪಟಿ, ಹಾಯಿ ಬೋಟಿನ ತಳದಾಗ ಕೀಲ್ ಅಂತ ಸೀಸದ್ದೋ ಕಬ್ಬಿಣದ್ದೋ ದೊಡ್ಡ ರೆಕ್ಕಿ ಇರ್ತದ, ಬೋಟಿನ ಒಟ್ಟು ತೂಕದಾಗ ಮೂರನೇ ಒಂದು ಪಾಲು ಆಸುಪಾಸು ಅದೇ. ಗಾಳಿ ಮ್ಯಾಲೆ ಒತ್ತಿದಷ್ಟು ಅದು ಕೆಳಗಿಂದ ಜಗ್ಗತದ, ಬೋಟು ವಾಲ್ತದ ಆದ್ರ ಮತ್ತ ಎದ್ದು ನಿಂದ್ರತದ. ಅದೇ ಕೀಲ್ ಬೋಟನ್ನ ಅಡ್ಡ ಜಾರದಂಗ ಹಿಡಿತದ, ಅದಕ್ಕೇ ಗಾಳಿಗೆ ಓರಿಯಾಗಿ ಮುಂದಕ್ಕೂ ಹೋಗಲಿಕ್ಕೆ ಬರ್ತದ. ಗಾಳಿ ಜೋರಾತು ಅಂದ್ರ ಹಾಯಿ ಮಡಚಿ ಸಣ್ಣದು ಮಾಡ್ತೀವಿ, ರೀಫ್ ಅಂತಾರ. ರೀಫ್ ಮಾಡಬೇಕೇನು ಅಂತ ಮನಸಿನ್ಯಾಗ ಬಂತು ಅಂದ್ರ ಆಗಲೇ ಮಾಡಬೇಕು, ಆಮ್ಯಾಗ ಅಂದ್ರ ಆಗಂಗಿಲ್ಲ.

ಮುನಿರಾಬಾದ್ ಹರಿಗೋಲು:
ಹಂಗಾರ ಕಟ್ಟಿ ಹಾಕೋ ಚೈನು? 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನು ಹರದಾಗ ನಾವು ಇಲ್ಲೇ ಇದ್ದೆವ್ರಿ, ಗೇಟಿಗೆ ಗೇಟೇ ಹೊಳಿ ಪಾಲಾತು, ತಾತ್ಕಾಲಿಕ ಗೇಟು ಇಳಿಸೋ ತನಕ ಕೊಪ್ಪಳ ರಾಯಚೂರು ರೈತರಿಗೆ ನಿದ್ದಿ ಇರಲಿಲ್ಲ. ಅದಾದ ಮ್ಯಾಲೆ ನಾ ಎಲ್ಲಿ ಹೋದ್ರೂ ಮೊದ್ಲು ಕೊಂಡಿ ನೋಡ್ತೀನಿ.

ರಾಯಚೂರ್ ಹಾಯಿ ಮನಿಯಾಕಿ:
ನಮಸ್ಕಾರ್ರಿ, ಈಗ ನಾ ಬರಿಯಾಕತ್ತೀನಿ, ಇವರದೇ ಅಕೌಂಟು. ಹರಿಗೋಲು ಅಣ್ಣ ಹೇಳಿದ್ದು ಕರೆಕ್ಟ್ ಅದ, ಬೋಟಿನ್ಯಾಗ ನನಗ ನಿದ್ದಿ ಬರ್ತಿದ್ದದ್ದು ಆಂಕರಿನ ಮ್ಯಾಲಿನ ನಂಬಿಕಿಯಿಂದ. ನೀರಿನ ಆಳದ ಐದು ಪಟ್ಟು ಚೈನು ಬಿಡಬೇಕು, ಗಾಳಿ ಇದ್ರ ಏಳು ಪಟ್ಟು. ಹತ್ತು ಮೀಟರ್ ಆಳ ಅಂದ್ರ ಐವತ್ತು ಮೀಟರ್ ಚೈನು ಹೊರಗ. ಆಂಕರಿಗೂ ಚೈನಿಗೂ ಇರೋ ಕೊಂಡಿಯ ಪಿನ್ನಿಗೆ ಸ್ಟೀಲ್ ತಂತಿ ಸುತ್ತಿ ಬಿಗಿದಿರಬೇಕು, ಇಲ್ಲಂದ್ರ ಅಲ್ಲಾಡಿ ಅಲ್ಲಾಡಿ ತಾನೇ ಬಿಚ್ಚಿಕೊಳ್ತದ. ಬೋಟು ಜಾಗ ಬಿಟ್ಟು ಸರಿದ್ರ ಹೊಡ್ಕೊಳ್ಳೋ ಆಂಕರ್ ಅಲಾರಂ ಫೋನಿನ್ಯಾಗ ಹಚ್ಚಿ ಮಲಗೋದು. ಒಂದು ರಾತ್ರಿ ಒಂದು ದ್ವೀಪದ ಮರಿಯಾಗ ಇದ್ದಾಗ ಗಾಳಿ ಪೂರಾ ತಿರುಗಿ ಬಿರುಸಾಗಿ ಮಳಿ ಹಿಡ್ಕೊಂತು, ಅಲಾರಂ ಹೊಡ್ಕೊಳ್ಳಾಕತ್ತು, ಮುಂದಿನ ಬೋಟು ಆಂಕರ್ ಕಿತ್ಕೊಂಡು ನಮ್ಮ ಮ್ಯಾಲೇ ಬರಾಕತ್ತಿತ್ತು. ಇವರು ಮುಂದ ಓಡಿ ಚೈನು ಎತ್ತಾಕ ನಿಂತ್ರು, ನಾ ಎಂಜಿನ್ ಚಾಲೂ ಮಾಡಿ ಚುಕ್ಕಾಣಿ ಹಿಡದೆ. ಮಳಿ ಸಪ್ಪಳದಾಗ ಒದರಿದ್ದು ಕೇಳಂಗಿಲ್ಲ, ಟಾರ್ಚಿಲೇ ಕೈ ಸನ್ನಿ. ಎಡಕ್ಕ ಅಂದ್ರ ಎಡಕ್ಕ, ನಿಂದ್ರು ಅಂದ್ರ ನ್ಯೂಟ್ರಲ್. ಮಗಳು ಒಳಗ ಮಲಗೇ ಇತ್ತು.

ಇದನ್ನ ಯಾಕ ಬರದೆ ಅಂದ್ರ, ತಂಗೀ, ನೀವು ನೀರು, ಬಟ್ಟಿ ಕೇಳಿದ್ರಿ, ಅದೆಲ್ಲ ಹದಿನೈದು ದಿನಕ್ಕ ರೂಢಿ ಆಗ್ತದ. ನಾ ಕೇಳೋದು ಬ್ಯಾರೆ. ನಿಮ್ಮನೆಯವರು ನೀರಿಗೆ ಬಿದ್ರ ಬೋಟು ತಿರುಗಿಸಿ ತರೋರು ಯಾರು? ಆರು ನಾಟ್ ವೇಗದಾಗ ಬೋಟು ಒಂದು ನಿಮಿಷಕ್ಕ 185 ಮೀಟರ್ ಮುಂದ ಹೋಗಿರ್ತದ, ಎರಡು ಮೀಟರ್ ಅಲಿ ಇದ್ರ ಮನಷ್ಯಾನ ತಲಿ ಕಾಣಂಗಿಲ್ಲ. ಇಬ್ಬರೇ ದೊಡ್ಡವರು ಇದ್ದಾಗ ರಾತ್ರಿ ಮೂರು ಮೂರು ತಾಸು ಪಾಳಿ ಹಚ್ಚಿ ಕಾಯ್ತೀವಿ, ಅಂದ್ರ ಪ್ರತಿ ರಾತ್ರಿ ನಾ ಒಬ್ಬಾಕೇ ಇಡೀ ಬೋಟಿನ ಕ್ಯಾಪ್ಟನ್ನು. ಗಂಡಗ ಮಾತ್ರ ಬರ್ತದ, ಹೆಂಡ್ತಿ ಅಡಿಗಿ ಮಾಡ್ತಾಳ ಅನ್ನೋ ಹಂಗಿದ್ರ ಹೋಗಬ್ಯಾಡ್ರಿ, ಖರೇನ ಹೇಳ್ತೀನಿ. ಅರ್ಧಕ್ಕ ಬಿಟ್ಟು ಬೋಟು ಮಾರಿ ಹೋದವರನ್ನ ನೋಡೀನಿ, ಭಾಳ ಮಂದಿ ಬಿರುಗಾಳಿಗಲ್ಲ, ಇದಕ್ಕೇ ಬಿಟ್ಟವರು. ಹೆಣ್ಮಗಳು ತನ್ನ ಮನ್ಯಾಗೇ ಪ್ಯಾಸೆಂಜರ್ ಆಗಿ ಎಷ್ಟು ದಿನ ಕುಂದ್ರತಾಳ?

ಇನ್ನೊಂದು ಮಾತು. ಹಡಗಿನ ಎಂಜಿನಿಯರ್ ಅಂದ್ರ ಮನಿಯವರಿಗೆ ಡೀಸೆಲ್, ಪಂಪು, ವಾಟರ್‌ಮೇಕರ್ ಎಲ್ಲಾ ಬಾಯಿಪಾಠ ಇರ್ತದ, ಅದು ಭಾಳ ದೊಡ್ಡ ಆಸ್ತಿ. ಆದ್ರ ಹಾಯಿ ಅವರಿಗೂ ಹೊಸದು. ಹಾಯಿ, ಹವಾ, ಚುಕ್ಕಾಣಿ ನೀವು ತಗೊಳ್ರಿ, ಎಂಜಿನ್ ಅವರು ನೋಡ್ಕೊಳ್ಳಲಿ. ಸ್ಕಿಪ್ಪರ್, ಅಂದ್ರ ಬೋಟಿನ ಯಜಮಾನಿ, ನೀವೇ ಆಗ್ರಿ.

ಗಂಗಾವತಿ ಸೊಸಿ:
ಅಕ್ಕಾರ ಇದನ್ನ ಎರಡು ಸಲ ಓದಿದೆ. ನಾನು ಸ್ಕಿಪ್ಪರ್ರಾ? ನಮ್ಮತ್ತಿ ಓದಿದ್ರ ಅಷ್ಟ ಮತ್ತ. ಹುಡುಗರ ಬಗ್ಗೆ ಹೇಳ್ರಿ, ನನ್ನ ಮಗ ಒಂದು ಕ್ಷಣ ಕುಂದ್ರಂಗಿಲ್ಲ.

ರಾಯಚೂರ್ ಹಾಯಿ ಮನಿಯಾಕಿ:
ಕುಂದ್ರದ ಹುಡುಗಗ ಒಂದೇ ಕಾನೂನು, ಬೋಟು ಓಡೋವಾಗ ಮ್ಯಾಲೆ ಬಂದ್ರ ಲೈಫ್ ಜಾಕೆಟ್, ಅದಕ್ಕ ಪಟ್ಟಿ, ಪಟ್ಟಿ ಬೋಟಿಗೆ ಕೊಕ್ಕಿ. ಇದರಾಗ ಮುದ್ದು ಇಲ್ಲ, ಅಳ್ತಾನ ಅಂತ ಬಿಡಂಗಿಲ್ಲ. ಸುತ್ತ ಕಂಬಿಗೆ ಬಲಿ ಕಟ್ಟಸ್ರಿ. ಹೊಟ್ಟಿ ತೊಳಸೋದು ಮೊದಲ ಎರಡು ಮೂರು ದಿನ ಎಲ್ಲಾರಿಗೂ ಇದ್ದದ್ದೇ, ಹೋಗೋ ಮೊದ್ಲು ಮಕ್ಕಳ ಡಾಕ್ಟರ್ ಹತ್ರ ಕುಂತು ಗುಳಿಗಿ, ಡೋಸು, ಜ್ವರ, ಗಾಯ, ಅಲರ್ಜಿ ಎಲ್ಲಾ ಬರಸ್ಕೊಂಡು ಒಂದು ಪೆಟ್ಟಿಗಿ ಮಾಡ್ಕೊಳ್ರಿ. ದಂಡಿಗೆ ಹತ್ರ ಇರೋವಾಗ ಆಸ್ಪತ್ರಿ ದೂರ ಅಲ್ಲ, ಆ ಮೂರು ವಾರದ ದಾಟುವಿಕಿಯಾಗ ಮಾತ್ರ ಪೆಟ್ಟಿಗೀನೇ ಆಸ್ಪತ್ರಿ.

ಹುಡುಗರ ಕಷ್ಟ ನೀರಲ್ಲರಿ, ಗೆಳೆಯರು. ಒಂದು ಕೊಲ್ಲಿಯೊಳಗ ಮತ್ತೊಂದು ಬೋಟಿನ ಹುಡುಗರು ಸಿಗ್ತಾರ, ಭಾಷಿ ಬರಲಿ ಬಿಡಲಿ ಅರ್ಧ ತಾಸಿಗೆ ಜಿಗರಿ ದೋಸ್ತರು, ವಾರ ಆತು ಅಂದ್ರ ಅವರ ಬೋಟು ಒಂದು ಕಡಿ ನಮ್ಮದು ಒಂದು ಕಡಿ. ನನ್ನ ಮಗಳು ಅದಕ್ಕ ಅತ್ತಷ್ಟು ಬ್ಯಾರೆ ಯಾವುದಕ್ಕೂ ಅತ್ತಿಲ್ಲ. ಆಮ್ಯಾಗ ನಾವು ಮಕ್ಕಳಿರೋ ಬೋಟುಗಳ ಜೋಡೀನೇ ದಾರಿ ಹಾಕ್ಕೊಂಡು ಹೋದೆವು, ಹವಾ ಒಪ್ಪಿದಷ್ಟು.

ಮಾಸ್ತರ್, ನಾವು ಮುಂಜಾನೆ ಎರಡು ತಾಸು ಸಾಲಿ ಮಾಡ್ತಿದ್ದೆವು, ಗಣಿತ, ಕನ್ನಡ ತಪ್ಪಸ್ತಿರಲಿಲ್ಲ. ಓಡೋವಾಗ ಓದಿದ್ರ ವಾಂತಿ ಬರ್ತದ, ಹಂಗಾಗಿ ನಿಂತ ದಿನ ಜಾಸ್ತಿ ಮಾಡ್ಕೊಳ್ಳೋದು. ದಿನಾ ನಕಾಶಿ ಮ್ಯಾಲೆ ಸ್ಥಾನ ಗುರುತು ಹಾಕಿ ಹಾಕಿ ಅಕ್ಷಾಂಶ ರೇಖಾಂಶ ತಾನೇ ತಲಿಯೊಳಗ ಇಳೀತು.

ಸಿಂಧನೂರ ಮಾಸ್ತರ್:
ಕನ್ನಡ ಬಿಡಲಿಲ್ಲ ಅಂದ್ರಲ್ಲ, ಅದು ಚಲೋ ಮಾಡಿದ್ರಿ. ಹಂಗಾದ್ರ ನಂದೂ ಒಂದು ಮಾತು ಕೇಳ್ರಿ ತಂಗೀ. 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಸಾಲಿ ತಪ್ಪಿದ ಮಗುವನ್ನ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸ್ಕೋಬೇಕು, ಸರ್ಕಾರಿ ಸಾಲಿಯಾಗ ನಾವು ಇದನ್ನ ಮಾಡ್ತಾ ಬಂದೀವಿ. ಖಾಸಗಿ ಸಾಲಿಯವರು ಸೀಟು ಇಲ್ಲ ಅಂತ ಸತಾಯಿಸಬಹುದು. ಕೈಯಾಗ ಕಾಗದ ಬೇಕು ಅಂದ್ರ ಎನ್‌ಐಒಎಸ್ ಅನ್ನೋ ಕೇಂದ್ರದ ಮುಕ್ತ ಶಾಲಾ ಸಂಸ್ಥೆಯಾಗ ಮುಕ್ತ ಮೂಲ ಶಿಕ್ಷಣ ಅಂತ ಐತಿ, ಎ ಹಂತ ಮೂರನೇತ್ತಕ್ಕ, ಬಿ ಐದನೇತ್ತಕ್ಕ, ಸಿ ಎಂಟನೇತ್ತಕ್ಕ ಸಮ. ಮಗಳ ವಿಷಯಕ್ಕ ಬಿ ವಿಚಾರಿಸಿ ಇಡ್ರಿ. ಆದ್ರೂ ನಾ ಪೂರಾ ಒಪ್ಪಿಲ್ಲ.

ಲೆಕ್ಕದವ ಬಳ್ಳಾರಿ:
ಎಲ್ರೂ ಗಾಳಿ ಸಮುದ್ರ ಅಂತಿದೀರ, ದುಡ್ಡಿನ ಸುದ್ದಿ ಯಾರೂ ಎತ್ತಿಲ್ಲ. ಮೇಡಮ್, ಬೋಟಿನ ಬೆಲೆ ಒಂದೇ ಖರ್ಚಲ್ಲ, ವರ್ಷಕ್ಕೆ ಬೆಲೆಯ ಹತ್ತನೇ ಒಂದು ಭಾಗ ರಿಪೇರಿಗೆ ಎತ್ತಿಡಿ ಅಂತ ಬೋಟಿನವರೇ ಹೇಳ್ತಾರೆ, ಹಳೇದಾದ್ರೆ ಇನ್ನೂ ಜಾಸ್ತಿ. ಇಲ್ಲಿಂದ ದುಡ್ಡು ಕಳಿಸೋದಾದ್ರೆ ಆರ್‌ಬಿಐನ ಎಲ್‌ಆರ್‌ಎಸ್ (ವಿದೇಶಕ್ಕೆ ದುಡ್ಡು ಕಳಿಸೋ ಸ್ಕೀಮ್) ಅಡಿ ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್ ಮಿತಿ, ಇಂಥ ಖರೀದಿಗೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು 20 ಪರ್ಸೆಂಟ್ ಟಿಸಿಎಸ್, ಅಂದ್ರೆ ಮುಂಗಡ ತೆರಿಗೆ, ಹಿಡೀತೈತೆ, ರಿಟರ್ನ್‌ನಾಗೆ ಸಿಗುತ್ತೆ ಆದ್ರೆ ಅಲ್ಲಿವರೆಗೂ ಲಾಕು. ಸಾಹೇಬ್ರು ಎನ್‌ಆರ್‌ಐ ಆಗಿ ಎನ್‌ಆರ್‌ಇ ಖಾತೆ (ಹೊರದೇಶದ ದುಡಿಮೆ ಇಡೋ ಖಾತೆ) ಇದ್ರೆ ಅದ್ರಿಂದ ಕಳಿಸಿದ್ರೆ ಈ ತಲೆನೋವಿಲ್ಲ. ಮಾವನ ಹೊಲ ಮಾರಿ ಬೋಟು ತಗೋಬೇಡಿ, ಅದೊಂದು ನನ್ನ ಮಾತು ನಡೆಸಿ. ಹೊಲದ ಬೆಲೆ ಏರುತ್ತೆ, ಬೋಟಿಂದು ಇಳಿಯುತ್ತೆ.

ರಾಯಚೂರ್ ಹಾಯಿ:
ವೀಸಾ ಮಾತು ನಾ ಹೇಳ್ತೀನಿ, ಇದರಾಗೇ ಬಹಳ ಮಂದಿ ಪ್ಲಾನ್ ಕೆಡ್ತದ. ಗ್ರೀಸು, ಇಟಲಿ, ಸ್ಪೇನು, ಕೆನರಿ ಎಲ್ಲಾ ಶೆಂಗೆನ್, ಅಂದ್ರ ಒಂದೇ ವೀಸಾದ ಯುರೋಪ್ ದೇಶಗಳ ಕೂಟ. ಬೋಟು ನಿಮ್ಮದೇ ಇದ್ರೂ ನಿಮಗ 180 ದಿನದಾಗ 90 ದಿನ ಅಷ್ಟೇ. ಅದಕ್ಕ ಮಧ್ಯಾ ಮಧ್ಯಾ ಟರ್ಕಿ, ಅಲ್ಬೇನಿಯಾ, ಟ್ಯುನೀಸಿಯಾ ಕಡಿ ಸರೀಬೇಕಾಗ್ತದ, ಅವಕ್ಕೂ ಅವವೇ ರೂಲ್ಸು, ಟರ್ಕಿಯ ಇ-ವೀಸಾ ನಮ್ಮ ಪಾಸ್‌ಪೋರ್ಟಿಗೆ ಸಿಗಬೇಕಂದ್ರ ಶೆಂಗೆನ್, ಅಮೆರಿಕಾ ಅಂಥ ಕಡಿದೊಂದು ಚಾಲ್ತಿ ವೀಸಾ ಇರಬೇಕು. ಕೆರಿಬಿಯನ್‌ನ್ಯಾಗ ಗ್ರೆನಾಡಾ, ಡೊಮಿನಿಕಾ, ಬಾರ್ಬಡೋಸ್, ಸೇಂಟ್ ವಿನ್ಸೆಂಟ್ ನಮ್ಮವರಿಗೆ ವೀಸಾ ಇಲ್ಲದೇ ಬಿಡ್ತಾರ, ನಡುವಿನ ಮಾರ್ಟಿನಿಕ್, ಗ್ವಾಡಲೂಪ್ ಫ್ರೆಂಚರವು, ಅಲ್ಲಿಗೆ ಬೇಕು. ವಿಮಾನದಾಗ ಬಂದವರಿಗೆ ಒಂದು ಕಾಯ್ದೆ, ಸ್ವಂತ ಬೋಟಿನ್ಯಾಗ ಬಂದವರಿಗೆ ಇನ್ನೊಂದು ಇರ್ತದ, ಹೊಂಡೋ ಮೊದ್ಲು ಪ್ರತಿ ದೇಶದ್ದೂ ಕೇಳ್ರಿ. ಸಾಹೇಬರ ಸಿಡಿಸಿ, ಅಂದ್ರ ನಾವಿಕರ ಗುರುತಿನ ಪುಸ್ತಕ, ಹಡಗಿನ ನೌಕರಿಗೆ, ಅದನ್ನ ನಂಬಿ ಕುಂದ್ರಬ್ಯಾಡ್ರಿ.

ಬಳ್ಳಾರಿ ಬಿಸ್ಲು:
ಅಣ್ಣ ಒಂದ್ವೇಳೆ ನಡು ಸಮುದ್ರದಾಗೆ ಏನಾರ ಆದ್ರೆ ಯಾರಿಗೆ ಫೋನ್ ಮಾಡೋದು?

ರಾಯಚೂರ್ ಹಾಯಿ:
ಎಪರ್ಬ್ ಅಂತ ಒಂದು ಡಬ್ಬಿ, ಒತ್ತಿದ್ರ 406 ಮೆಗಾಹರ್ಟ್ಸ್‌ನ್ಯಾಗ ಉಪಗ್ರಹಕ್ಕ ಸಿಗ್ನಲ್ ಹೋಗ್ತದ, ಅಲ್ಲಿಂದ ನೆಲದ ಕೇಂದ್ರಕ್ಕ. ನಮ್ಮ ದೇಶದ್ದು ಬೆಂಗಳೂರಾಗೇ ಇಸ್ರೋದವರ ಹತ್ರ ಅದ. ಅಭಿಲಾಷ್ ಟಾಮಿ ಗೊತ್ತಲ್ಲ ನೌಕಾಪಡಿಯವರು, 2012-13ರಾಗ ಒಬ್ಬರೇ ಎಲ್ಲೂ ನಿಲ್ಲದಂಗ ಪ್ರಪಂಚ ಸುತ್ತಿದ ಮೊದಲ ಭಾರತೀಯ. 2018ರ ಸೆಪ್ಟೆಂಬರಿನ್ಯಾಗ ಪ್ರಪಂಚ ಸುತ್ತೋ ಗೋಲ್ಡನ್ ಗ್ಲೋಬ್ ರೇಸಿನೊಳಗ ದಕ್ಷಿಣ ಹಿಂದೂ ಮಹಾಸಾಗರದಾಗ ಬಿರುಗಾಳಿಗೆ ಸಿಕ್ಕು ಹಾಯಿ ಕಟ್ಟೋ ಕಂಬ ಮುರೀತು, ಬೆನ್ನಿಗೆ ಪೆಟ್ಟಾಗಿ ಏಳಲಿಕ್ಕೇ ಬರಲಿಲ್ಲ, ಫ್ರೆಂಚರ ಒಂದು ಹಡಗು ದಿನಗಟ್ಟಲೆ ಓಡಿ ಬಂದು ಎತ್ಕೊಂತು. ಮತ್ತ ಅದೇ ಮನಷ್ಯಾ ಅದೇ ರೇಸಿಗೆ 2022ರಾಗ ಹೋಗಿ ಎರಡನೇ ನಂಬರ್ ಬಂದ್ರು. ಆದ್ರ ಅವರು ಹೋಗೋ ಸಮುದ್ರ ಬ್ಯಾರೆ, ಸಂಸಾರಸ್ಥರು ಹೋಗೋ ದಾರಿ ಬ್ಯಾರೆ, ಎರಡನ್ನೂ ಕೂಡಿಸಿ ಹೆದರಬ್ಯಾಡ್ರಿ.

ಗಂಗಾವತಿ ಸೊಸಿ:
ಕಲಿಯೋದು ಎಲ್ಲಿ? ಟಿಬಿ ಡ್ಯಾಮಿನ್ಯಾಗ ಆಗಂಗಿಲ್ಲೇನ್ರಿ, ಮನಿ ಹತ್ರ.

ಮುನಿರಾಬಾದ್ ಹರಿಗೋಲು:
ಬ್ಯಾಡಕ್ಕಾ. ಪರ್ಮಿಷನ್ ಒಂದು ಕಡಿಗಿರ್ಲಿ, ಎಲ್ಲಾ ಕಡಿ ನಮ್ಮ ಬಲಿ ಹಾಸಿರ್ತಾವ, ನೀರು ಇಳದಂಗ ಗಿಡದ ಬೊಡ್ಡಿ ಕಲ್ಲು ಮ್ಯಾಲೆ ಬರ್ತಾವ. ನಿಮ್ಮ ಕೀಲ್ ನಮ್ಮ ಬಲಿಯಾಗ ಸಿಕ್ಕರ ನಮ್ಮಿಬ್ಬರಿಗೂ ಜಗಳ.

ರಾಯಚೂರ್ ಹಾಯಿ ಮನಿಯಾಕಿ:
ಹೈದರಾಬಾದಿಗೆ ಹೋಗ್ರಿ, ಹುಸೇನ್ ಸಾಗರದಾಗ ಯಾಟ್ ಕ್ಲಬ್‌ನವರು ಮಕ್ಕಳಿಗೆ ಕಲಸ್ತಾರ. ಆಪ್ಟಿಮಿಸ್ಟ್ ಅಂತ 2.3 ಮೀಟರಿನ ಪುಟ್ಟ ಬೋಟು, ಹುಡುಗರು ಒಬ್ಬೊಬ್ಬರೇ ನಡಸೋದು, ಮಗಳಿಗೆ ಸರಿಯಾದ ವಯಸ್ಸು. ಗಾಳಿ ಎಲ್ಲಿಂದ ಬರ್ತದ ಅಂತ ಕೆನ್ನಿಲೇ ಗೊತ್ತಾಗೋದು ಸಣ್ಣ ಬೋಟಿನ್ಯಾಗೇ, ನೀವೂ ಅಲ್ಲೇ ಶುರು ಮಾಡ್ರಿ. ಆಮ್ಯಾಗ ಗ್ರೀಸು, ಸ್ಪೇನಿನ ಕಡಿ ಆರ್‌ವೈಎ ಅನ್ನೋ ಬ್ರಿಟನ್ನಿನ ಹಾಯಿ ಸಂಘದ ಕೋರ್ಸು, ಮೊದ್ಲು ಕಾಂಪಿಟೆಂಟ್ ಕ್ರೂ ಐದು ದಿನ, ಆಮ್ಯಾಗ ಬೋಟು ನಡಸೋ ಡೇ ಸ್ಕಿಪ್ಪರ್ ಐದು ದಿನ, ಬೋಟಿನ ಮ್ಯಾಲೇ ಇದ್ದು ಕಲಿಯೋದು. ಗಂಡ ಹೆಂಡ್ತಿ ಒಂದೇ ಬೋಟಿನ್ಯಾಗ ಕಲೀಬ್ಯಾಡ್ರಿ, ಅವರು ಹಗ್ಗ ಕಸ್ಕೊಳ್ತಾರ, ನಿಮಗ ಚಹಾ ಪಾಳಿ ಬರ್ತದ. ಇದೆಲ್ಲ ಆದ ಮ್ಯಾಲೆ ಒಂದು ವಾರ ಬೋಟು ಬಾಡಿಗಿ ತಗೊಂಡು ನಾಲ್ಕೂ ಮಂದಿ ಇದ್ದು ನೋಡ್ರಿ, ಖರೀದಿ ಆಮ್ಯಾಗ. ಅನುಭವದ ಕಾಗದ ಇಲ್ಲಂದ್ರ ಇನ್ಶೂರೆನ್ಸ್‌ನವರೂ ತಕರಾರು ತಗಿತಾರ.

ಅಡಿಗಿ ಕೇಳಲೇ ಇಲ್ಲ ನೀವು. ಕುಕ್ಕರ್ ಒಯ್ರಿ, ಮುಚ್ಚಳ ಬಿಗಿ ಇರ್ತದ, ಬೋಟು ಎಷ್ಟು ವಾಲಿದ್ರೂ ಬ್ಯಾಳಿ ಚೆಲ್ಲಂಗಿಲ್ಲ, ಗ್ಯಾಸ್ ಉಳೀತದ. ಖಡಕ್ ರೊಟ್ಟಿ ಡಬ್ಬಿಗಟ್ಟಲೆ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಹವಾ ಕೆಟ್ಟ ದಿನ ಒಲಿ ಹಚ್ಚಲಿಕ್ಕೇ ಬರಂಗಿಲ್ಲ, ಅವತ್ತು ರೊಟ್ಟೀನೇ ದೇವರು. ಡಬ್ಬಿ ಗಾಳಿ ಆಡದಂಗ ಬಿಗಿ ಇರಲಿ, ಉಪ್ಪಿನ ಹವಾಕ್ಕ ಎರಡೇ ದಿನಕ್ಕ ಮೆತ್ತಗಾಗ್ತಾವ.

ಗಂಗಾವತಿ ಸೊಸಿ:
ಮನೆಯವರಿಗೆ ಇದೆಲ್ಲಾ ಸ್ಕ್ರೀನ್‌ಶಾಟ್ ಹಾಕೀನಿ. ಹಾಯಿ ನಂದು, ಎಂಜಿನ್ ನಿಮ್ಮದು, ಕೋರ್ಸು ಬ್ಯಾರೆ ಬ್ಯಾರೆ ಬೋಟಿನ್ಯಾಗ, ಒಂದು ವಾರ ಬಾಡಿಗಿ ನೋಡೋ ತನಕ ಖರೀದಿ ಮಾತು ಬ್ಯಾಡ ಅಂತ ಬರದೀನಿ. ಹೈದರಾಬಾದಿಗೆ ರಜಾದಾಗ ಮಗಳನ್ನ ಕರ್ಕೊಂಡು ನಾನೇ ಹೋಗ್ತೀನಿ. ಸ್ಕಿಪ್ಪರ್ ಮಾತು ಅತ್ತಿಯವರಿಗೆ ಇನ್ನಾ ಹೇಳಿಲ್ಲ, ಮಾಸ್ತರ್ ಹೇಳಿದ ಕಾಯ್ದೆ ಮಾತು ಮಾವಗ ಹೇಳಿದ್ಮ್ಯಾಲೆ ಪೇಪರ್ ಕೆಳಗಿಟ್ಟು ಎರಡು ಮಾತಾಡಿದ್ರು, ಅಷ್ಟರ ಮಟ್ಟಿಗೆ ಪರವಾಗಿಲ್ಲ.

ಬಳ್ಳಾರಿ ಬಿಸ್ಲು:
ಭಾವ ಏನಂದ್ರು?

ಗಂಗಾವತಿ ಸೊಸಿ:
ಈಗ ಬಂತು ರಿಪ್ಲೈ. ಅಷ್ಟು ದೊಡ್ಡ ಮೆಸೇಜಿಗೆ ಒಂದೇ ಸಾಲು, ನಲವತ್ತು ಫೂಟಿನ ಬೋಟಿಗೆ ನೀರಿನ ಪಂಪಿನ ಇಂಪೆಲ್ಲರ್ (ಒಳಗ ತಿರುಗೋ ರಬ್ಬರ್ ಚಕ್ರ) ಸ್ಪೇರ್ ಎಷ್ಟು ಇಟ್ಕೋಬೇಕು ಕೇಳು ಅಂತ.

ರಾಯಚೂರ್ ಹಾಯಿ ಮನಿಯಾಕಿ:
ಮೂರು. ಗ್ಯಾಸ್ಕೆಟ್ಟೂ ಜೋಡೀನೇ ತಗೊಳ್ರಿ ಅಂತ ಹೇಳ್ರಿ, ಮತ್ತ ಹಾಕೋದು ನಿಮಗೂ ಕಲಸಲಿ.